ಹದಿನಾರು ಕೆರೆಯ ಹೆಬ್ಬಾತು ಮತ್ತು ಒಂದು ಸಡಿಲ ಚಿಲಕ

ಸಂಕ್ರಾಂತಿಗೆ ಊರಿಗೆ ಹೋದಾಗ ಒಂದು ಬೆಳಿಗ್ಗೆಯನ್ನು ಹದಿನಾರು ಕೆರೆಗೆ ಮೀಸಲಿಡುವುದು ನನ್ನ ಹಳೆಯ ಅಭ್ಯಾಸ. ನಂಜನಗೂಡು ತಾಲ್ಲೂಕಿನ ಆ ಕೆರೆ ನಮ್ಮ ಊರಿನಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಮೈಸೂರು ಅರಸರ ಮೂಲಕಥೆಯಲ್ಲಿ ಬರುವ ಹದಿನಾಡು ಇದೇ ಎಂದು ಹಿರಿಯರು ಹೇಳುವುದುಂಟು. ಆದರೆ ಚಳಿಗಾಲದ ಮುಂಜಾವಿನಲ್ಲಿ ಅಲ್ಲಿಗೆ ಬರುವವರು ಅರಸರನ್ನು ನೆನೆದು ಬರುವುದಿಲ್ಲ, ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಬರುತ್ತಾರೆ. ಬಿಳಿಯ ತಲೆಯ ಹಿಂಬದಿಯಲ್ಲಿ ಮಸಿಯಿಂದ ಎಳೆದಂತಹ ಎರಡು ಕಪ್ಪು ಪಟ್ಟೆ, ಬೂದು ಮೈ, ಕಿತ್ತಳೆ ಹಳದಿಯ ಕಾಲು ಮತ್ತು ಕೊಕ್ಕು, ಎರಡು ಎರಡೂವರೆ ಕಿಲೋ ತೂಗುವ ಮೈಕಟ್ಟು. ನವೆಂಬರ್ ಕಳೆಯುತ್ತಿದ್ದಂತೆ ಬಂದಿಳಿದು ಶಿವರಾತ್ರಿಯ ಆಚೀಚೆ ಹೊರಟುಬಿಡುವ ಈ ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವುದು ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ಮತ್ತು ಮಂಗೋಲಿಯಾದ ಸರೋವರಗಳ ಬಳಿಯಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಲ್ಲಿಂದ ಹೊರಟು ನಮ್ಮ ಕೆರೆಯಲ್ಲಿ ಬಂದು ಕೂರಬೇಕಾದರೆ ನಡುವೆ ಹಿಮಾಲಯವನ್ನು ದಾಟದೆ ಬೇರೆ ದಾರಿಯಿಲ್ಲ.

ನಾಲ್ಕು ವರ್ಷದ ಹಿಂದಿನ ಸಂಕ್ರಾಂತಿಯಲ್ಲಿ ನನ್ನ ಜೊತೆಗೆ ದೊಡ್ಡಪ್ಪನೂ ಕೆರೆಗೆ ಬಂದರು. ಅದು ಆಶ್ಚರ್ಯದ ಸಂಗತಿಯೇ, ಏಕೆಂದರೆ ಈ ಹಕ್ಕಿಗಳ ಮೇಲೆ ಅವರಿಗೆ ಇದ್ದದ್ದು ಮುನಿಸು. ಹಗಲೆಲ್ಲ ಸಾಧುಗಳ ಹಾಗೆ ನೀರಿನ ಮೇಲೆ ಕಣ್ಣುಮುಚ್ಚಿ ಕೂರುವ ಇವು ಕತ್ತಲಾದ ಮೇಲೆ ಹೊಲಕ್ಕಿಳಿದು ಹುರುಳಿಯ ಕುಡಿಯನ್ನು ಮೇಯುತ್ತವೆ ಎಂಬುದು ಅವರ ದೂರು, ಮತ್ತು ಆ ದೂರು ಸುಳ್ಳಲ್ಲ. ಆದರೆ ಆ ವರ್ಷ ಅವರು ಊರಿನವರ ಗುಂಪಿನಲ್ಲಿ ಕೇದಾರನಾಥಕ್ಕೆ ಹೋಗಿ ಬಂದಿದ್ದರು. ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದ ಆ ಜಾಗದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ. ಐವತ್ತು ಕಿಲೋ ಮೂಟೆಯನ್ನು ಇನ್ನೂ ಹೆಗಲಿಗೆ ಏರಿಸಿಕೊಳ್ಳುವ ದೊಡ್ಡಪ್ಪನಿಗೆ ಅಲ್ಲಿ ಹತ್ತು ಹೆಜ್ಜೆಗೊಮ್ಮೆ ಕೂರಬೇಕಾಯಿತಂತೆ. ಕಡೆಗೆ ಹೇಸರಗತ್ತೆಯ ಮೇಲೆ ಕೂತು ಹೋದರಂತೆ. ಏರಿಯ ಮೇಲೆ ನಿಂತು ತುಂಬ ಹೊತ್ತು ಹಕ್ಕಿಗಳನ್ನು ನೋಡಿದ ಮೇಲೆ ಅವರು ಕೇಳಿದರು: “ಅಲ್ಲ ಮಗ, ಕಾಲೂರ್ಕೊಂಡು ನಿಂತಿದ್ರೂವೆ ನಂಗಲ್ಲಿ ಉಸ್ರು ಸಾಲ್ಲಿಲ್ಲ. ಇವು ಅದ್ಕಿಂತ ಮ್ಯಾಲೆ ರೆಕ್ಕೆ ಬಡ್ಕೊಂಡು ಬತ್ತವೆ ಅಂತೀಯ. ಉಸ್ರು ಎಲ್ಲಿಂದ ತತ್ತವೆ?”

ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಆ ಹೊತ್ತಿಗೆ ಹದಿನಾಲ್ಕು ವರ್ಷ ಜೀವಶಾಸ್ತ್ರ ಪಾಠ ಮಾಡಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಮಾತು ಅಲ್ಲಿಗೆ ನೆಟ್ಟಗಿರುತ್ತಿತ್ತು. ನಾನು ಹಾಗೆ ಹೇಳದೆ, “ಅದೇ ಅಲ್ಲವೇ ದೊಡ್ಡಪ್ಪ, ಪ್ರಕೃತಿಯ ವಿಸ್ಮಯ” ಎಂದುಬಿಟ್ಟೆ. ಅವರು ಹ್ಞೂಂ ಎಂದು ಸುಮ್ಮನಾದರು. ವಿಜ್ಞಾನ ಬಂದು ವಿಸ್ಮಯವನ್ನು ಕೊಲ್ಲುತ್ತದೆ ಎಂಬ ಮಾತನ್ನು ನಾನು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ. ಆ ಬೆಳಿಗ್ಗೆ ನಡೆದದ್ದು ಅದರ ತಿರುವುಮುರುವು. ಒಳ್ಳೆಯ ಪ್ರಶ್ನೆಯೊಂದರ ಬಾಯಿಗೆ ವಿಸ್ಮಯ ಎಂಬ ಪದವನ್ನು ತಟ್ಟೆಯಂತೆ ಮುಚ್ಚಿದವಳು ವಿಜ್ಞಾನದ ಅಧ್ಯಾಪಕಿಯಾದ ನಾನೇ.

ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ಆ ಪ್ರಶ್ನೆಯ ಉತ್ತರದ ಒಂದು ತುದಿಯನ್ನು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಪ್ರಥಮ ಪಿಯುಸಿಯ ಉಸಿರಾಟದ ಅಧ್ಯಾಯದಲ್ಲಿ, ಇಂಗ್ಲಿಷಿನ ‘ಎಸ್’ ಅಕ್ಷರವನ್ನು ಯಾರೋ ಎರಡೂ ತುದಿ ಹಿಡಿದು ಎಳೆದಂತೆ ಕಾಣುವ ಒಂದು ವಕ್ರರೇಖೆ ಇದೆ. ಸುತ್ತಲಿನ ಆಮ್ಲಜನಕದ ಒತ್ತಡ ಇಂತಿಷ್ಟು ಇದ್ದಾಗ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಪ್ರೋಟೀನಾದ ಹಿಮೋಗ್ಲೋಬಿನ್ ಎಷ್ಟು ಪಾಲು ಆಮ್ಲಜನಕದಿಂದ ತುಂಬಿರುತ್ತದೆ ಎಂದು ಅದು ತೋರಿಸುತ್ತದೆ. ಮನುಷ್ಯರಲ್ಲಿ ಸುಮಾರು 27 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಅರ್ಧ ತುಂಬುತ್ತದೆ. ಮೈ ಬಿಸಿಯಾದರೆ, ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ರೇಖೆ ಬಲಕ್ಕೆ ಸರಿಯುತ್ತದೆ, ಅಂದರೆ ಹಿಮೋಗ್ಲೋಬಿನ್ ತನ್ನಲ್ಲಿರುವ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ತಂಪಾದರೆ ಎಡಕ್ಕೆ ಸರಿದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. “ಬಲಕ್ಕೆ ಬಿಡು, ಎಡಕ್ಕೆ ಹಿಡಿ” ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ನೀಟ್ ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದರೆ ಎ, ಬಿ, ಸಿ, ಡಿಗಳಲ್ಲಿ ಯಾವ ಗುಂಡನ್ನು ಪೆನ್ನಿನಿಂದ ತುಂಬಬೇಕು ಎಂಬುದಷ್ಟೇ ನಮಗೆಲ್ಲ ಬೇಕಾಗಿತ್ತು. ಆ ರೇಖೆಗೂ ಊರ ಕೆರೆಯ ಹಕ್ಕಿಗೂ ಸಂಬಂಧವಿರಬಹುದು ಎಂದು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಕುವೆಂಪುನಗರದ ಮನೆಗೆ ಹಿಂತಿರುಗಿದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಾತ್ರಿಗಳಲ್ಲಿ ಓದಲು ತೊಡಗಿದೆ. ಮೊದಲು ಆದದ್ದು ಲಾಭವಲ್ಲ, ನಷ್ಟ. ಈ ಹಕ್ಕಿಗಳು ಎವರೆಸ್ಟ್ ಶಿಖರದ ಮೇಲಿನಿಂದ ಹಾರುತ್ತವೆ ಎಂದು ನಾನು ನಂಬಿದ್ದೆ, ತರಗತಿಯಲ್ಲಿ ಹೇಳಿಯೂ ಇದ್ದೆ. 1953ರ ಎವರೆಸ್ಟ್ ಆರೋಹಣದ ತಂಡದಲ್ಲಿದ್ದ ನ್ಯೂಜಿಲೆಂಡಿನ ಜಾರ್ಜ್ ಲೋವ್ ತಾವು ಹಾಗೆ ಕಂಡದ್ದಾಗಿ ಹೇಳಿದ್ದರು. ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತ ನನ್ನವರೆಗೂ ಬಂದಿತ್ತು. ಆದರೆ ಈ ಶತಮಾನದಲ್ಲಿ ವಿಜ್ಞಾನಿಗಳು ಭಾರತದಲ್ಲೂ ಮಂಗೋಲಿಯಾದಲ್ಲೂ ಹೆಬ್ಬಾತುಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರಗಳನ್ನು ಕಟ್ಟಿ ನೋಡಿದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಎವರೆಸ್ಟ್ ಇರುವುದು 8,848 ಮೀಟರಿನಲ್ಲಿ. ಅಷ್ಟೇ ಅಲ್ಲ, ಹೆಚ್ಚಿನ ಹಾರಾಟವೆಲ್ಲ ಅದಕ್ಕಿಂತ ಕೆಳಗೆ, ಕಣಿವೆ ಮತ್ತು ಕಣಿವೆಮಾರ್ಗಗಳನ್ನು ಹುಡುಕಿಕೊಂಡು, ನೆಲದ ಏರಿಳಿತಕ್ಕೆ ತಕ್ಕಂತೆ ತಾವೂ ಏರುತ್ತ ಇಳಿಯುತ್ತ ಸಾಗುತ್ತದೆ. ಒಮ್ಮೆ ಗಳಿಸಿದ ಎತ್ತರವನ್ನು ಕೈಬಿಟ್ಟು ಮತ್ತೆ ಏರುವುದು ದಡ್ಡತನದಂತೆ ಕಾಣುತ್ತದೆ. ಆದರೆ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದು ಎಷ್ಟು ದುಬಾರಿಯೆಂದರೆ ಕೆಳಗಿಳಿದು ಮತ್ತೆ ಹತ್ತುವುದೇ ಅಗ್ಗ ಎಂದು 2015ರ ಅಧ್ಯಯನ ತೋರಿಸಿತು.

ಎರಡು ದಿನ ನನಗೆ ನಿಜವಾಗಿಯೂ ಬೇಸರವಾಗಿತ್ತು. ಶಿಖರದ ಮೇಲಿನ ಹಕ್ಕಿ ಹೋಗಿ ಲೆಕ್ಕಾಚಾರದ ಹಕ್ಕಿ ಬಂದಿತ್ತು. ಮೂರನೆಯ ರಾತ್ರಿ ಓದಿದ ಒಂದು ವಿವರ ಅದನ್ನು ತಿರುಗಿಸಿತು. ಮಾರ್ಚಿ ಏಪ್ರಿಲಿನಲ್ಲಿ ಉತ್ತರಕ್ಕೆ ಹೊರಟಾಗ ಇವು ಹಿಮಾಲಯವನ್ನು ಏರುವುದಕ್ಕೆ ತೆಗೆದುಕೊಳ್ಳುವ ಹೊತ್ತು ಏಳೆಂಟು ಗಂಟೆ ಮಾತ್ರ. ಹಗಲಿನಲ್ಲಿ ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿ ಇರುತ್ತದೆ, ಅದರ ಬೆನ್ನೇರಿದರೆ ಶ್ರಮ ಉಳಿಯುತ್ತದೆ ಎಂದು ಎಲ್ಲರೂ ಊಹಿಸಿದ್ದರು. ಹಕ್ಕಿಗಳು ಅದನ್ನು ಬಿಟ್ಟು ರಾತ್ರಿಯಲ್ಲಿ ಮತ್ತು ನಸುಕಿನಲ್ಲಿ, ಗಾಳಿ ನಿಂತು ತಣ್ಣಗಾಗಿ ಸ್ವಲ್ಪ ದಟ್ಟವಾಗಿರುವ ಹೊತ್ತಿನಲ್ಲಿ, ಬರೀ ತಮ್ಮ ರೆಕ್ಕೆಯ ಬಲದಿಂದ ಏರುತ್ತವೆ. ಗರುಡನಂತೆ ತೇಲುವುದಿಲ್ಲ, ಒಂದೇ ಸಮನೆ ಬಡಿಯುತ್ತವೆ. ನಾವು ಊಟ ಮುಗಿಸಿ ಮಲಗಿ ಬೆಳಗಿನ ಕಾಫಿಗೆ ಏಳುವಷ್ಟರಲ್ಲಿ ಎರಡೂವರೆ ಕಿಲೋ ತೂಕದ ಒಂದು ಜೀವ ಬಯಲುನಾಡಿನಿಂದ ಹೊರಟು ಜಗತ್ತಿನ ಅತಿ ದೊಡ್ಡ ಗೋಡೆಯನ್ನು ಕತ್ತಲಲ್ಲಿ ಹತ್ತಿರುತ್ತದೆ. ಎವರೆಸ್ಟಿನ ಕಥೆಯನ್ನು ಇದರ ಎದುರು ಇಟ್ಟರೆ ಅದು ಕ್ಯಾಲೆಂಡರಿನ ಚಿತ್ರದಂತೆ ಕಾಣುತ್ತದೆ.

ಇನ್ನು ಉಸಿರಿನ ಮಾತು. ಹಕ್ಕಿಗಳ ಶ್ವಾಸಕೋಶದಲ್ಲಿ ಗಾಳಿ ನಮ್ಮಲ್ಲಿಯಂತೆ ಒಂದೇ ಬಾಗಿಲಲ್ಲಿ ಒಳಗೆ ಬಂದು ಹೊರಗೆ ಹೋಗುವುದಿಲ್ಲ. ಗಾಳಿಚೀಲಗಳ ನೆರವಿನಿಂದ ಒಂದೇ ದಿಕ್ಕಿಗೆ ಹರಿಯುತ್ತದೆ. ಇದು ಎಲ್ಲ ಹಕ್ಕಿಗಳ ಆಸ್ತಿ. ಹೆಬ್ಬಾತಿನ ಹಾರಾಟದ ಸ್ನಾಯುಗಳಲ್ಲಿ ಲೋಮನಾಳಗಳು, ಅಂದರೆ ಅತಿ ಸಣ್ಣ ರಕ್ತನಾಳಗಳು, ಇನ್ನೂ ದಟ್ಟವಾಗಿವೆ. ಇವುಗಳ ಜೊತೆಗೆ ಹಿಮೋಗ್ಲೋಬಿನ್. ಅದರ ಅಣು ಆಲ್ಫಾ, ಬೀಟಾ ಎಂಬ ಎರಡು ಬಗೆಯ ಸರಪಳಿಗಳಿಂದ ಆದದ್ದು. ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡಿವೆ. ಬಯಲಿನಲ್ಲೇ ಬಾಳುವ ದಾಯಾದಿಯಾದ ಬೂದು ಹೆಬ್ಬಾತಿನ ಹಿಮೋಗ್ಲೋಬಿನ್ನಿನ ಜೊತೆಗೆ ಹೋಲಿಸಿದರೆ ಎರಡೂ ಬಗೆಯ ಸರಪಳಿಗಳು ಸೇರಿ ವ್ಯತ್ಯಾಸವಿರುವುದು ನಾಲ್ಕೇ ಮಣಿಗಳಲ್ಲಿ. ಅವುಗಳಲ್ಲಿ ಹೆಸರಾದದ್ದು ಆಲ್ಫಾ ಸರಪಳಿಯ 119ನೆಯ ಮಣಿ: ಬೂದು ಹೆಬ್ಬಾತಿನಲ್ಲಿ ಅಲ್ಲಿ ಪ್ರೋಲೀನ್ ಇದೆ, ಪಟ್ಟೆತಲೆಯಲ್ಲಿ ಅಲನೀನ್. ಪ್ರೋಲೀನ್ ಪಕ್ಕದ ಬೀಟಾ ಸರಪಳಿಯ 55ನೆಯ ಮಣಿಗೆ ಒತ್ತಿಕೊಂಡು ಕೂತಿರುತ್ತದೆ, ಮತ್ತು ಆ ಒತ್ತು ಇಡೀ ಅಣುವನ್ನು ಆಮ್ಲಜನಕ ಒಲ್ಲದ ಬಿಗಿ ಭಂಗಿಯಲ್ಲಿ ಹಿಡಿದಿಡಲು ನೆರವಾಗುತ್ತದೆ. ಅಲನೀನ್ ಚಿಕ್ಕದು, ಪಕ್ಕದವರನ್ನು ಮುಟ್ಟುವುದಿಲ್ಲ. ಒತ್ತು ತಪ್ಪಿದ ಅಣು ಬೇಗ ಸಡಿಲವಾಗಿ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಹಿಮೋಗ್ಲೋಬಿನ್ನಿನ ರಚನೆಯನ್ನು ಬಿಡಿಸಿದ್ದಕ್ಕಾಗಿ 1962ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಮ್ಯಾಕ್ಸ್ ಪೆರುಟ್ಸ್ 1983ರಲ್ಲಿ ಇದನ್ನು ತರ್ಕದಿಂದ ಸೂಚಿಸಿದರು. 1991ರಲ್ಲಿ ಪ್ರಯೋಗಾಲಯದಲ್ಲಿ ಮಾನವ ಹಿಮೋಗ್ಲೋಬಿನ್ನಿನಲ್ಲೇ ಆ ಒಂದು ಮಣಿಯನ್ನು ಬದಲಿಸಿ ನೋಡಿದಾಗ ಅದೂ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯಿತು. ಉಳಿದ ಮಣಿಗಳಿಗೂ ಇದರಲ್ಲಿ ಪಾಲಿದೆ ಎಂದು ಈಚಿನ ಕೆಲಸ ತೋರಿಸಿದೆ. ಒಟ್ಟಿನಲ್ಲಿ, ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಆ ರೇಖೆ ಹೆಬ್ಬಾತಿನಲ್ಲಿ ಎಡಕ್ಕೆ ಸರಿದಿತ್ತು. ಎಡಕ್ಕೆ ಹಿಡಿ.

ನನ್ನ ಮೈ ನವಿರೆದ್ದದ್ದು ಇಲ್ಲಿಯೂ ಅಲ್ಲ, ಮುಂದಿನ ಸಾಲಿನಲ್ಲಿ. ಭೂಮಿಯ ಇನ್ನೊಂದು ಮಗ್ಗುಲಲ್ಲಿ, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಎತ್ತರದಲ್ಲಿ, ಆಂಡಿಯನ್ ಹೆಬ್ಬಾತು ಎಂಬ ಬೇರೊಂದು ಹಕ್ಕಿ ಇದೆ. ಇವೆರಡಕ್ಕೂ ಹತ್ತಿರದ ನಂಟಿಲ್ಲ. ಅದರ ಆಲ್ಫಾ ಸರಪಳಿಯ 119ರಲ್ಲಿ ಹಳೆಯ ಪ್ರೋಲೀನ್ ಹಾಗೆಯೇ ಇದೆ. ಬದಲಾಗಿರುವುದು ಎದುರಿಗಿರುವ ಬೀಟಾ ಸರಪಳಿಯ 55ನೆಯ ಮಣಿ. ಹಿಮಾಲಯದ ಹಕ್ಕಿ ಬಾಗಿಲಿನ ಚಿಲಕವನ್ನು ತೆಗೆದಿದೆ, ಆಂಡಿಸಿನ ಹಕ್ಕಿ ಚೌಕಟ್ಟಿನ ಕೊಂಡಿಯನ್ನು ಕಿತ್ತಿದೆ. ಎರಡು ಕಡೆಯೂ ಬಾಗಿಲು ಅದೇ, ಸಡಿಲವಾದ ಜಾಗವೂ ಅದೇ. ಅದನ್ನು ಓದಿದಾಗ ರಾತ್ರಿ ಹನ್ನೊಂದೂವರೆ. ಮಲಗಿದ್ದ ಮನೆಯವರನ್ನು ಎಬ್ಬಿಸಿ ಹೇಳಿದೆ. ಅವರು ಬ್ಯಾಂಕಿನವರು, “ಸರಿ, ನಾಳೆ ಹೇಳು” ಎಂದು ಮಗ್ಗುಲು ಬದಲಿಸಿದರು.

ಈ ಓದಿನ ನಡುವೆ ಸಿಕ್ಕ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ತೆಳುಗಾಳಿಯಲ್ಲಿ ಹಾರುವಾಗ ಹೆಬ್ಬಾತಿನ ಮೈಯೊಳಗೆ ಏನಾಗುತ್ತದೆ ಎಂದು ಅಳೆಯಬೇಕಾದರೆ ಅದರ ಮುಖಕ್ಕೆ ಉಸಿರಿನ ಮುಸುಕು ತೊಡಿಸಿ ಗಾಳಿಸುರಂಗದಲ್ಲಿ ಹಾರಿಸಬೇಕು, ಕಾಡಿನ ಹಕ್ಕಿ ಅದಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಜೆಸ್ಸಿಕಾ ಮೀರ್ ಎಂಬ ವಿಜ್ಞಾನಿ ಆಗತಾನೆ ಮೊಟ್ಟೆಯೊಡೆದ ಮರಿಗಳಿಗೆ ತಾವೇ ತಾಯಿಯಾದರು. ಕಣ್ಣಿಗೆ ಮೊದಲು ಬಿದ್ದವರನ್ನು ತಾಯಿಯೆಂದು ನಂಬಿ ಹಿಂಬಾಲಿಸುವುದು ಬಾತಿನ ಮರಿಗಳ ಸ್ವಭಾವ. ಮರಿಗಳು ಬೆಳೆದು ಹಾರಲು ಕಲಿತಾಗ ಅವರು ಸೈಕಲ್, ಸ್ಕೂಟರುಗಳಲ್ಲಿ ಹೋಗುತ್ತಿದ್ದರೆ ಅವು ಅವರ ಭುಜದ ಪಕ್ಕದಲ್ಲಿ ಹಾರಿ ಬರುತ್ತಿದ್ದವು. ಆಮ್ಲಜನಕ ಕಡಿಮೆಯಾದಾಗ ಹಾರುವ ಹೆಬ್ಬಾತಿನ ರಕ್ತ ತಣ್ಣಗಾಗುತ್ತದೆ, ತಣ್ಣನೆಯ ರಕ್ತ ಆಮ್ಲಜನಕವನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎಂದು ಆ ಪ್ರಯೋಗಗಳಿಂದ ತಿಳಿಯಿತು. ಫಲಿತಾಂಶ ಪ್ರಕಟವಾದದ್ದು 2019ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಆಕೆ ಗಗನಯಾತ್ರಿಯಾಗಿ ಅಂತರಿಕ್ಷ ನಿಲ್ದಾಣಕ್ಕೆ ಹೋದರು, ಅಂದರೆ ಗಾಳಿಯೇ ಇಲ್ಲದ ಕಡೆಗೆ. ಹಕ್ಕಿಯನ್ನು ಅಳೆಯುವವರಿಗೆ ಹಕ್ಕಿಯ ಮೇಲೆ ಪ್ರೀತಿ ಇರುವುದಿಲ್ಲ ಎನ್ನುವವರಿಗೆ ನಾನು ಈ ಸ್ಕೂಟರಿನ ಚಿತ್ರವನ್ನು ಹೇಳುತ್ತೇನೆ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನ ಕೊಟ್ಟಿಗೆಯ ಬಾಗಿಲಿನ ಬಳಿ ಉತ್ತರ ಒಪ್ಪಿಸಿದೆ. ಆ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಚಿಲಕ ಕಚ್ಚಿಕೊಳ್ಳುತ್ತದೆ, ಹೆಗಲು ಕೊಟ್ಟು ತಳ್ಳಬೇಕು. ನಿಮ್ಮ ರಕ್ತದ ಚಿಲಕ ಬಯಲುಸೀಮೆಯ ಗಾಳಿಗೆ ಮಾಡಿದ್ದು, ಅಲ್ಲಿ ಗಾಳಿಯೇ ಹೆಗಲು ಕೊಟ್ಟು ತಳ್ಳುತ್ತದೆ, ಬಾಗಿಲು ತೆರೆದು ಆಮ್ಲಜನಕ ಒಳಗೆ ಹೋಗುತ್ತದೆ. ಕೇದಾರದ ಗಾಳಿಗೆ ಅಷ್ಟು ಬಲವಿಲ್ಲ. ಈ ಹಕ್ಕಿಯ ಚಿಲಕ ಮೊದಲೇ ಸಡಿಲ, ಬೆರಳು ತಾಗಿಸಿದರೆ ಸಾಕು ಎಂದು ಬಾಗಿಲನ್ನು ಆಡಿಸಿ ತೋರಿಸಿದೆ. ಅವರು ತಕ್ಷಣ ಕೇಳಿದರು: “ಹಂಗಾರೆ ನಮ್ದೂ ಸಡ್ಲ ಮಾಡ್ಬೋದಲ್ಲ?” ಬರೀ ಸಡಿಲ ಮಾಡಿದರೆ ಒಳಗೆ ಹೋದದ್ದು ಸ್ನಾಯುಗಳ ಹತ್ತಿರ ಹೊರಗೆ ಬರುವುದು ಕಷ್ಟವಾಗುತ್ತದೆ, ಹಕ್ಕಿಗೆ ಅದನ್ನು ಸರಿದೂಗಿಸುವ ಬೇರೆ ಏರ್ಪಾಟುಗಳಿವೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪ್ರಶ್ನೆ: “ಮತ್ತೆ ಅದ್ರುದ್ನ ಸಡ್ಲ ಮಾಡ್ದೋರ್ಯಾರು?” ಯಾರೂ ಮಾಡಲಿಲ್ಲ, ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಎಲ್ಲೋ ಒಂದಕ್ಷರ ತಪ್ಪಾಯಿತು, ಆ ತಪ್ಪು ಇದ್ದವು ಎತ್ತರದಲ್ಲಿ ಉಳಿದವು ಎಂದೆ. ದೊಡ್ಡಪ್ಪ ಚಿಲಕವನ್ನು ಒಮ್ಮೆ ಹಾಕಿ ತೆಗೆದು, “ತಪ್ಪಿಂದ್ಲೇ ದಾಟ್ಬುಟ್ಟವೆ ಅನ್ನು” ಎಂದರು. ಹಿಂದಿನ ಸಲ ವಿಸ್ಮಯ ಎಂದಾಗ ಅವರ ಮುಖದಲ್ಲಿ ಇಲ್ಲದ ಏನೋ ಒಂದು ಈ ಸಲ ಇತ್ತು.

ಇಷ್ಟಾದರೂ ಎದುರು ಪಕ್ಷವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನಮ್ಮ ಕಾಲೇಜಿನ ಕನ್ನಡ ವಿಭಾಗದ ಗೆಳತಿಯೊಬ್ಬರು ಈ ಕಥೆಯನ್ನೆಲ್ಲ ಕೇಳಿದ ಮೇಲೆ ಸ್ಟಾಫ್ ರೂಮಿನಲ್ಲಿ ಒಂದೇ ಪ್ರಶ್ನೆ ಹಾಕಿದರು: “ಈಗ ಆ ಹಕ್ಕಿ ಹಾರಿದರೆ ನಿಮಗೆ ಕಾಣುವುದು ಹಕ್ಕಿಯೋ, ಹಿಮೋಗ್ಲೋಬಿನ್ನೋ?” ನಾನು ನಕ್ಕು ತೇಲಿಸಿದೆ, ಆದರೆ ಪ್ರಾಮಾಣಿಕ ಉತ್ತರ ಅವರ ಪರವಾಗಿಯೇ ಇತ್ತು. ಓದಿದ ಮೊದಲ ಚಳಿಗಾಲದಲ್ಲಿ ಕೆರೆಯ ಏರಿಯ ಮೇಲೆ ನಿಂತಾಗ ನನಗೆ ಕಂಡದ್ದು 119, 55, ಎಡಕ್ಕೆ ಸರಿದ ರೇಖೆ. ಮಂಜಿನೊಳಗಿಂದ ಬರುವ ಆ ‘ಆಂಗ್ ಆಂಗ್’ ಎಂಬ ಕೂಗು ನೆಪಕ್ಕೆ ಕೇಳಿಸಿತು. ತಿಳಿವಳಿಕೆ ಬಂದು ಕೂತ ಹೊಸದರಲ್ಲಿ ಜಾಗವನ್ನೆಲ್ಲ ತಾನೇ ಆಕ್ರಮಿಸುತ್ತದೆ. ಸಂಗೀತ ಕಲಿಯುವವರಿಗೆ ಇದು ಗೊತ್ತಿರುವ ಸಂಕಟ. ಹುಡುಗಿಯಾಗಿದ್ದಾಗ ವೀಣೆ ಪಾಠಕ್ಕೆ ಸೇರಿದ ಮೇಲೆ ಎರಡು ವರ್ಷ ದಸರಾ ಕಚೇರಿಗಳನ್ನು ಸವಿಯುವುದೇ ನನ್ನಿಂದ ಆಗಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ, ಇದು ಯಾವ ನಿಷಾದ ಎಂದು ಲೆಕ್ಕ ಹಾಕುತ್ತ ಕೂತಿರುತ್ತಿದ್ದೆ. ಪಕ್ಕದಲ್ಲಿ ಏನೂ ತಿಳಿಯದ ಅಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುತ್ತಿದ್ದರು. ಲೆಕ್ಕ ಬೆರಳಿಗೆ ಇಳಿದು ತಲೆಯನ್ನು ಖಾಲಿ ಮಾಡಿದ ಮೇಲೆ ರಾಗ ಹಿಂತಿರುಗಿತು, ಮೊದಲಿಗಿಂತ ಆಳವಾಗಿ. ಹೆಬ್ಬಾತಿನ ವಿಷಯದಲ್ಲೂ ಹಾಗೆಯೇ ಆಯಿತು, ಎರಡನೆಯ ಚಳಿಗಾಲದಲ್ಲಿ. ಆದರೆ ವೀಣೆಯನ್ನು ಎರಡೇ ವರ್ಷಕ್ಕೆ ಬಿಟ್ಟವರಿಗೆ ರಾಗವೂ ಇಲ್ಲ, ಅಮ್ಮನ ಕಣ್ಣೀರೂ ಇಲ್ಲ. ನಮ್ಮ ವಿಜ್ಞಾನ ಶಿಕ್ಷಣ ಬಹುತೇಕ ಮಕ್ಕಳನ್ನು ಆ ನಡುದಾರಿಯಲ್ಲೇ ಇಳಿಸಿ ಹೋಗುತ್ತದೆ, ಮತ್ತು ಹದಿನಾಲ್ಕು ವರ್ಷ ಆ ಬಸ್ಸಿನ ಕಂಡಕ್ಟರ್ ಆಗಿದ್ದವಳು ನಾನು.

ಗೆಳತಿಯೇ ನನಗೆ ಇನ್ನೊಂದು ಎಳೆಯನ್ನೂ ಕೊಟ್ಟರು. ಭರತನ ನಾಟ್ಯಶಾಸ್ತ್ರದಲ್ಲಿ ಅದ್ಭುತ ರಸಕ್ಕೆ ಸ್ಥಾಯಿಭಾವ ವಿಸ್ಮಯ. ಕಣ್ಣರಳುವುದು, ಎವೆಯಿಕ್ಕದೆ ನೋಡುವುದು, ರೋಮಾಂಚ ಅದರ ಲಕ್ಷಣಗಳು. ಅದನ್ನು ಹುಟ್ಟಿಸುವ ಕಾರಣಗಳ ಪಟ್ಟಿಯಲ್ಲಿ ಇಂದ್ರಜಾಲವೂ ಇದೆ ಎಂದರು. ಇಂದ್ರಜಾಲ ಎಂದ ಕೂಡಲೇ ನನಗೆ ನೆನಪಾದದ್ದು ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಕಂಡ ಗಾರುಡಿಗ. ಮಾವಿನ ಓಟೆಯನ್ನು ಮಣ್ಣಿನ ಗುಡ್ಡೆಯಲ್ಲಿ ಹುಗಿದು, ಬುಟ್ಟಿ ಮುಚ್ಚಿ ಬಟ್ಟೆ ಹೊದೆಸಿ, ಡಮರು ಬಾರಿಸಿ ತೆಗೆದಾಗ ಗೇಣುದ್ದದ ಸಸಿ, ಮತ್ತೆ ಮುಚ್ಚಿ ತೆಗೆದಾಗ ಮೊಣಕಾಲುದ್ದದ ಗಿಡ. ಒಂದು ವಾರ ನನಗೆ ನಿದ್ದೆ ಬರಲಿಲ್ಲ. ಬೇರೆ ಬೇರೆ ಎತ್ತರದ ಸಸಿಗಳನ್ನು ಬಟ್ಟೆಯ ಮಡಿಕೆಯಲ್ಲಿ ಮೊದಲೇ ಸುತ್ತಿಟ್ಟಿರುತ್ತಾರೆ ಎಂದು ಸೋದರಮಾವ ಹೇಳಿದ ಕ್ಷಣಕ್ಕೆ ಆ ಬೆರಗು ಸತ್ತಿತು, ಮತ್ತೆ ಹುಟ್ಟಲಿಲ್ಲ. ಆದರೆ ಮಾವಿನ ಓಟೆಯೊಂದು ಯಾರ ಡಮರುವೂ ಇಲ್ಲದೆ ನಿಧಾನವಾಗಿ ಮಾವಿನ ಮರವಾಗುವುದು ಹೇಗೆಂದು ಎಷ್ಟು ಓದಿದರೂ ಬೆರಗು ಮುಗಿಯಲಿಲ್ಲ. ಗುಟ್ಟು ಗೊತ್ತಾದೊಡನೆ ಸಾಯುವ ಬೆರಗು ಗಾರುಡಿಗನದು. ಪ್ರಕೃತಿಯ ಮುಂದೆ ನಿಂತಾಗಲೂ ನಾವು ಗಾರುಡಿಗನ ಮುಂದೆ ಕೂತ ಪ್ರೇಕ್ಷಕರಂತೆಯೇ ಬಾಯ್ದೆರೆದರೆ, ತಿಳಿವಳಿಕೆ ಆಟ ಕೆಡಿಸಲು ಬಂದ ಸೋದರಮಾವನಂತೆ ಕಾಣುವುದು ಸಹಜ.

ಹೋದದ್ದು ಹೋಯಿತು ಎಂದು ಒಪ್ಪಿಕೊಳ್ಳಬೇಕಾದ ಸಂಗತಿಗಳೂ ಇವೆ. ಅಜ್ಜಿ ಈ ಹಕ್ಕಿಗಳನ್ನು ಹಂಸ ಎನ್ನುತ್ತಿದ್ದರು. ಮಾನಸ ಸರೋವರದಿಂದ ಬರುತ್ತವೆ, ಹಾಲು ನೀರನ್ನು ಬೆರೆಸಿಟ್ಟರೆ ಹಾಲನ್ನಷ್ಟೇ ಕುಡಿಯುತ್ತವೆ ಎನ್ನುತ್ತಿದ್ದರು. ಮೊದಲನೆಯ ಮಾತು ನಿಂತಿತು. ಸಂಸ್ಕೃತ ಕವಿಗಳ ಹಂಸ ಬಹುಮಟ್ಟಿಗೆ ಇದೇ ಹಕ್ಕಿ ಎಂದು ವಾದಿಸುವ ವಿದ್ವಾಂಸರಿದ್ದಾರೆ, ಟಿಬೆಟ್ಟಿನ ಸರೋವರಗಳಲ್ಲಿ ಇವು ಸಂಸಾರ ಹೂಡುವುದು ನಿಜ. ಉಪಗ್ರಹವಿಲ್ಲದ ಕಾಲದಲ್ಲಿ ಹಕ್ಕಿಯ ದಾರಿಯನ್ನು ಹಿಮಾಲಯದ ಆಚೆಯವರೆಗೆ ಬಲ್ಲವರು ಯಾರೋ ಇದ್ದಿರಬೇಕು. ಎರಡನೆಯ ಮಾತು ಬಿತ್ತು: ಹೆಬ್ಬಾತಿನ ಕೊಕ್ಕು ಹುಲ್ಲು ಕತ್ತರಿಸುವುದಕ್ಕೆ ಹೇಳಿ ಮಾಡಿಸಿದ್ದು, ಹಾಲು ಸೋಸುವುದಕ್ಕಲ್ಲ. ಬಿದ್ದಾಗ ನೋವಾಯಿತು. ಅದು ಅಜ್ಜಿಯ ಮಡಿಲಿನಲ್ಲಿ ಕೇಳಿದ ಮಾತಾದ್ದರಿಂದ ಆದ ನೋವೇ ಹೊರತು ಹಾಲಿನ ಬಗ್ಗೆ ಅಲ್ಲ ಎಂದು ತಿಳಿಯಲು ನನಗೆ ಸಮಯ ಹಿಡಿಯಿತು.

ಇಂತಹ ಕಡೆ ನಮ್ಮವರು ಬಹಳ ಹಿಂದಿನಿಂದ ಆಯ್ದುಕೊಂಡ ಉಪಾಯ ಎರಡು ಕೋಣೆಗಳದು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಕವಿ ಎ.ಕೆ. ರಾಮಾನುಜನ್ ತಮ್ಮ ತಂದೆಯ ಬಗ್ಗೆ ಬರೆದದ್ದು ಹಲವರಿಗೆ ಗೊತ್ತು. ಆ ತಂದೆ ಇದೇ ಊರಿನಲ್ಲಿ ಗಣಿತದ ಪ್ರೊಫೆಸರ್, ಖಗೋಳದ ವಿದ್ವಾಂಸ, ಜೊತೆಗೆ ಜಾತಕ ನೋಡುವವರು. ನವಗ್ರಹಗಳ ಹಳೆಯ ಲೆಕ್ಕದಲ್ಲಿ ನೆಪ್ಚೂನ್, ಪ್ಲೂಟೊಗಳಿಗೆ ಜಾಗವೆಲ್ಲಿ ಎಂದು ಕೆಣಕಿದ ಮಗನಿಗೆ, ಮಿದುಳಿಗೆ ಎರಡು ಹೋಳುಗಳಿರುವುದು ಗೊತ್ತಿಲ್ಲವೇ ಎಂದು ಅವರು ಕೇಳಿದ್ದರಂತೆ. ಚುರುಕಾದ ಉತ್ತರ, ನನಗೆ ಇಷ್ಟವೂ ಹೌದು. ಆದರೆ ಹದಿನಾಲ್ಕು ವರ್ಷ ನಾನು ಬಾಳಿದ್ದು ಅದೇ ಏರ್ಪಾಟಿನಲ್ಲಿ: ಹಂಸ ಊರಿನ ಕೋಣೆಯಲ್ಲಿ, ವಕ್ರರೇಖೆ ಕಾಲೇಜಿನ ಕೋಣೆಯಲ್ಲಿ. ಒಂದಕ್ಕೊಂದು ತೊಂದರೆ ಕೊಡಲಿಲ್ಲ, ಒಂದರಿಂದ ಒಂದಕ್ಕೆ ಉಪಕಾರವೂ ಆಗಲಿಲ್ಲ.

ಎರಡೂ ಒಂದೇ ಅಂಗಳದಲ್ಲಿ ಇರಬೇಕಾದ ಸಂದರ್ಭವನ್ನು ನೋಡಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಆ ಭಾವನೆ ಇಲ್ಲದಿದ್ದರೆ ಆ ಮರಗಳು ಎಂದೋ ಸೌದೆಯಾಗುತ್ತಿದ್ದವು. ಯಾವ ಪ್ರೋಟೀನಿನ ನಕ್ಷೆಯೂ ಅವನ್ನು ಉಳಿಸುತ್ತಿರಲಿಲ್ಲ. ಆದರೆ 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸಾಯತೊಡಗಿದಾಗ, ಅವುಗಳ ಹೊಟ್ಟೆಯಲ್ಲಿ ಇದ್ದದ್ದು ಮೀನಿನ ಮೂಲಕ ಬರುವ ದುಂಡುಹುಳು ಎಂದು ಕಂಡುಹಿಡಿಯಲು ಸತ್ತ ಹಕ್ಕಿಯನ್ನು ಕೊಯ್ದೇ ನೋಡಬೇಕಾಯಿತು. ತವರಿನವರು ಅದಕ್ಕೆ ಅಡ್ಡಿ ಬರಲಿಲ್ಲ.

ಹೋದ ಸಂಕ್ರಾಂತಿಯಲ್ಲಿ ದೊಡ್ಡಪ್ಪ ನನ್ನನ್ನು ಕೆರೆಗೆ ಬೇಡ, ಹೊಲಕ್ಕೆ ಬಾ ಎಂದು ಕರೆದರು. ಊಟ ಮುಗಿಸಿ ಕಂಬಳಿ ಹೊದ್ದು ಬದುವಿನ ಮೇಲೆ ಕೂತೆವು. ಟಾರ್ಚು ಹಾಕಬೇಡ ಎಂದರು. ಒಂಬತ್ತರ ಸುಮಾರಿಗೆ ಕೆರೆಯ ಕಡೆಯಿಂದ ಕೂಗು ಕೇಳಿಸಿತು, ನಂತರ ತಲೆಯ ಮೇಲೆ ರೆಕ್ಕೆಗಳ ಸದ್ದು, ಒಣಗಿದ ಸೀರೆಯನ್ನು ಇಬ್ಬರು ಹಿಡಿದು ಕೊಡವಿದಂತೆ. ಕತ್ತಲಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಇಪ್ಪತ್ತು ಅಡಿ ದೂರದಲ್ಲಿ, ಹುರುಳಿಯ ಸಾಲುಗಳ ನಡುವೆ, ಕುಡಿ ಕತ್ತರಿಸುವ ಪಟಪಟ ಸದ್ದು ಶುರುವಾಯಿತು. ಓಡಿಸುವುದಿಲ್ಲವೇ ಎಂದು ಪಿಸುಮಾತಿನಲ್ಲಿ ಕೇಳಿದೆ. “ಇರ್ಲಿ ಬುಡು, ಮ್ಯಾಕ್ ಹತ್ಬೇಕಲ್ಲ ಅವು” ಎಂದ ದೊಡ್ಡಪ್ಪ ಸ್ವಲ್ಪ ತಡೆದು, “ಈ ಸಾಲ್ ಮುಗ್ಸುದ್ಮೇಲೆ ಓಡುಸ್ತೀನಿ” ಎಂದರು.